ಮೂವತ್ತೆಂಟನೆಯ ಕೋಳಿ

ಊರಿಗೆಲ್ಲ ದಾರಿ ತೋರಿಸುವವರಿಗೆ ತಮ್ಮ ದಾರಿಯೂ ಗೊತ್ತಿರಬೇಕೆಂಬ ನಿಯಮವೇನೂ ಇಲ್ಲ. ಕೈಮರವನ್ನೇ ನೋಡಿ. ಅದು ಎಂದಾದರೂ ತಾನು ತೋರಿಸಿದ ಊರಿಗೆ ಹೋಗಿಬಂದಿದೆಯೇ?

ಪರವಾನಗಿ ಕಚೇರಿಯ ಒಂದನೇ ಕಿಟಕಿಯಲ್ಲಿ ಕೂರುವ ಗುಮಾಸ್ತರದೂ ಅಂಥದೇ ಬದುಕು. ಇಪ್ಪತ್ತೆರಡು ವರ್ಷ ಅಲ್ಲೇ ಕೂತು ಕೂತು ಅವರ ಹೆಸರು ಜನಕ್ಕೆ ಮರೆತೇಹೋಗಿತ್ತು. "ಒಂದನೇ ಕಿಟಕಿಗೆ ಇವತ್ತು ನೆಗಡಿಯಂತೆ" ಎಂದು ಎರಡನೇ ಕಿಟಕಿ ಹೇಳಿದರೆ, "ಅದಕ್ಕೇ ಬಾಗಿಲು ಹಾಕಿದೆ" ಎಂದು ಮೂರನೆಯದು ಹೇಳುತ್ತಿತ್ತು. ನಾವೂ ಅವರನ್ನು ಕಿಟಕಿಯವರು ಎಂದೇ ಕರೆಯೋಣ. ಅವರು ಬೇಸರ ಮಾಡಿಕೊಳ್ಳುವುದಿಲ್ಲ.

ಕಿಟಕಿಯವರು ಪರವಾನಗಿ ಕೊಡುತ್ತಿರಲಿಲ್ಲ, ಮೊಹರು ಒತ್ತುತ್ತಿರಲಿಲ್ಲ, ರುಜು ಹಾಕುತ್ತಿರಲಿಲ್ಲ. ಬಂದವರಿಗೆ ಮುಂದೇನು ಎಂದು ಹೇಳುವುದಷ್ಟೇ ಅವರ ಕೆಲಸ. "ಮೊದಲು ನಾಲ್ಕಕ್ಕೆ ಹೋಗಿ ಹಳದಿ ಅರ್ಜಿ ತಗೊಳ್ಳಿ. ತುಂಬಿ ಏಳಕ್ಕೆ ಕೊಡಿ. ಏಳರಲ್ಲಿ ಮೊಹರು ಬಿದ್ದ ಮೇಲೆ ನನಗೆ ಬಂದು ಹೇಳಿ." ಬಂದು ಹೇಳಬೇಕೆಂದು ಯಾವ ಸುತ್ತೋಲೆಯಲ್ಲೂ ಇರಲಿಲ್ಲ. ಆದರೂ ಜನ ಬಂದು ಹೇಳುತ್ತಿದ್ದರು. ಹೇಳಿದಾಗ ಕಿಟಕಿಯವರು ಕನ್ನಡಕದ ಮೇಲಿನಿಂದ ನೋಡಿ, "ಭೇಷ್" ಅನ್ನುತ್ತಿದ್ದರು. ಆ ಒಂದು ಮಾತಿಗಾಗಿ ಮೊಹರು ಬಿದ್ದ ಮೇಲೂ ಅರ್ಧ ಗಂಟೆ ಕಾದು ನಿಂತವರಿದ್ದಾರೆ.

ಹೀಗಿರುವಾಗ ಕಚೇರಿಗೆ ಹೊಸ ಅಧಿಕಾರಿ ಬಂದರು. ಬಟ್ಟೆಯ ಬೂಟು ಹಾಕುತ್ತಿದ್ದರು, ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದರು. ಅಷ್ಟರಿಂದಲೇ ಏನೋ ಕಾದಿದೆಯೆಂದು ಹನ್ನೊಂದೂ ಕಿಟಕಿಗಳಿಗೆ ಗೊತ್ತಾಗಬೇಕಿತ್ತು. ಸೋಮವಾರದ ಸಭೆಯಲ್ಲಿ ಅವರು ಮೇಜಿನ ಅಂಚಿನ ಮೇಲೆ ಕೂತೇ ಮಾತಾಡಿದರು.

"ನಾನು ಸಂಜೆ ಹೊತ್ತು ಆನ್‌ಲೈನ್ ಆಟ ಆಡ್ತೀನಿ. ವೇಷ ಹಾಕ್ಕೊಂಡು ಒಂದು ಲೋಕದೊಳಗೆ ಓಡಾಡೋ ಆಟ. ಅದರಲ್ಲಿ ಎರಡು ಥರ. ಒಂದರಲ್ಲಿ ಹೆಜ್ಜೆ ಹೆಜ್ಜೆಗೂ ಬಾಣದ ಗುರುತು. ಇದು ಮಾಡು, ಆಮೇಲೆ ಅದು ಮಾಡು ಅಂತ ಹೇಳೋಕೆ ಅಲ್ಲಲ್ಲಿ ಯಂತ್ರದ ಮನುಷ್ಯರು ನಿಂತಿರ್ತಾರೆ. ಮಗುವಿನ ಕೈ ಹಿಡಿದು ನಡೆಸಿದ ಹಾಗೆ. ಇನ್ನೊಂದು ಥರದಲ್ಲಿ ಗುರುತಿಲ್ಲ, ಅಪ್ಪಣೆ ಇಲ್ಲ, ಇಡೀ ಲೋಕ ನಿಮ್ಮ ಮುಂದೆ. ನಮ್ಮ ಕಚೇರಿ ಮೊದಲನೇ ಥರದ್ದು. ಇನ್ನು ಎರಡನೇ ಥರ ಆಗುತ್ತೆ. ಮುಂದಿನ ಸೋಮವಾರದಿಂದ ಕಿಟಕಿಗಳ ಮೇಲೆ ಅಂಕಿ ಇರಲ್ಲ, ಸಾಲು ಇರಲ್ಲ. ಜನ ತಮ್ಮ ದಾರಿ ತಾವೇ ಕಂಡ್ಕೊಳ್ತಾರೆ."

ಅಂಕಿಯೇ ಇಲ್ಲದ ಮೇಲೆ ಒಂದನೆಯದು ಎಲ್ಲಿ ಉಳಿಯಿತು? ಆ ಕ್ಷಣದಲ್ಲೇ ಅಧಿಕಾರಿ ಕಿಟಕಿಯವರತ್ತ ತಿರುಗಿ, "ನೀವು ಇಂಥ ಆಟ ಆಡಿದ್ದೀರಾ?" ಎಂದರು.

ಇಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಹೆದರಿದ ಮನುಷ್ಯನ ಬಾಯಿ ಅವನ ಮಾತು ಕೇಳುವುದಿಲ್ಲ.

"ದಿನಾ ಆಡ್ತೀನಿ ಸರ್."

"ಹೌದಾ? ಯಾವುದು?"

"ನೀವು ಆಡೋದೇ ಸರ್."

ಅಧಿಕಾರಿ ಮೇಜಿನಿಂದ ಇಳಿದು ಬಂದು ಕೈ ಕುಲುಕಿದರು. "ನೋಡಿದ್ರಾ! ನಮ್ಮ ಹಿರಿಯರೇ ಸ್ವಾತಂತ್ರ್ಯದ ಪರ. ಮುಂದಿನ ಸೋಮವಾರ ಇವರೇ ಐದು ನಿಮಿಷ ಮಾತಾಡ್ತಾರೆ, ದಾರಿ ತೋರಿಸೋರು ಯಾಕೆ ಬೇಡ ಅಂತ."

ಕಿಟಕಿಯವರು ನಕ್ಕರು. ತಾವು ಕೂತ ಕೊಂಬೆಗೆ ಗರಗಸ ಹಿಡಿದವರು ಎಷ್ಟೋ ಜನ. ಕೊಂಬೆ ಕಡಿಯುವುದರ ಪ್ರಯೋಜನದ ಬಗ್ಗೆ ಭಾಷಣವನ್ನೂ ಮಾಡಬೇಕಾಗಿ ಬಂದದ್ದು ಇವರೊಬ್ಬರಿಗೇ ಇರಬೇಕು.

ಆ ಸಂಜೆ ಮನೆಯಲ್ಲಿ ವಿಷಯ ಕೇಳಿದ ಹೆಂಡತಿ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಅವಳು ಶಾಲೆಯೊಂದರಲ್ಲಿ ವೇಳಾಪಟ್ಟಿ ತಯಾರಿಸುವವಳು. ಸುಳ್ಳಿಗೆ ಅವಳ ಪಟ್ಟಿಯಲ್ಲಿ ಜಾಗವಿರಲಿಲ್ಲ.

"ನಾಳೆ ಹೋಗಿ ಆಡಲ್ಲ ಅಂತ ಹೇಳಿಬಿಡಿ."

"ಕೈ ಕುಲುಕಿಬಿಟ್ಟಿದ್ದಾರೆ ಕಣೇ."

"ಕುಲುಕಿದ ಕೈನ ವಾಪಸ್ ಕೊಡಕ್ಕಾಗಲ್ವಾ?"

"ಆಡಿಬಿಡಿ ಅಳಿಯಂದಿರೇ!" ಒಳಕೋಣೆಯಿಂದ ಅತ್ತೆಯ ದನಿ ಬಂತು. "ನಾನೂ ಬರ್ತೀನಿ."

ಅತ್ತೆಗೆ ಎಪ್ಪತ್ತೊಂದು. ಮೂವತ್ತು ವರ್ಷ ಟೆಲಿಫೋನ್ ಕಚೇರಿಯ ಒಂದೇ ಕುರ್ಚಿಯಲ್ಲಿ ಕೂತು, ಅವರಿವರ ಮಾತಿಗೆ ಅವರಿವರನ್ನು ಜೋಡಿಸಿ ನಿವೃತ್ತರಾದವರು. ಬೀದಿಯ ತುದಿಯ ಅಂಗಡಿಗೆ ಹೋಗುವುದಕ್ಕೂ "ಹೋಗಿಬರಲಾ?" ಎಂದು ಮಗಳನ್ನು ಕೇಳುವವರು. ಅವರ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ಕಿಟಕಿಯವರು ಹೆಂಡತಿಯ ಲ್ಯಾಪ್‌ಟಾಪನ್ನು ಇಸ್ತ್ರಿ ಮೇಜಿನ ಮೇಲಿಟ್ಟುಕೊಂಡು ಅತ್ತೆಯ ಪಕ್ಕದಲ್ಲೇ ಕೂತರು.

ಅಧಿಕಾರಿ ಆಡುವ ಆಟದ ಹೆಸರನ್ನು ಕಚೇರಿಯಲ್ಲೇ ವಿಚಾರಿಸಿಕೊಂಡು ಬಂದಿದ್ದರು. ಆಟ ಮೊದಲು ಮುಖ ಕೇಳಿತು. ಮೂಗಿನಲ್ಲೇ ನಲವತ್ತು ಬಗೆ. ಕಿಟಕಿಯವರು ಕಂಗಾಲಾಗಿ, ಕೇಳಿದ್ದಕ್ಕೆಲ್ಲ "ಸರಿ" ಎಂದು ಒತ್ತುತ್ತಾ ಹೋದರು. ಕೊನೆಗೆ ಬಿಳಿ ಗಡ್ಡದ, ಕಂದು ನಿಲುವಂಗಿಯ ಮುದುಕನೊಬ್ಬ ಎದ್ದುನಿಂತ. ಹೆಸರು ಎಂದು ಕೇಳಿದ ಕಡೆ, ಇಪ್ಪತ್ತೆರಡು ವರ್ಷಗಳಿಂದ ಎಲ್ಲ ನಮೂನೆಗಳಲ್ಲೂ ಬರೆಯುವಂತೆ, ಹುದ್ದೆಯನ್ನು ಬರೆದರು: "ವಿಚಾರಣೆ." ಆ ಹೆಸರು ಮುದುಕನ ತಲೆಯ ಮೇಲೆ ಚಿನ್ನದ ಅಕ್ಷರಗಳಲ್ಲಿ ಹೊಳೆಯಿತು.

ಅತ್ತೆ ಅಷ್ಟರಲ್ಲಿ ಕೆಂಪು ಕೂದಲಿನ ತರುಣಿಯಾಗಿ, ಯಾರದೋ ಕುದುರೆ ಹತ್ತಿ, ಬೆಟ್ಟದ ಕಡೆ ಹೊರಟಾಗಿತ್ತು.

"ನಡೀರಿ ಅಳಿಯಂದಿರೇ!"

"ಎಲ್ಲಿಗೆ ಅತ್ತೆ?"

"ಎಲ್ಲಿಗಾದ್ರೂ!"

"ಎಲ್ಲಿಗಾದ್ರೂ ಅಂದ್ರೆ ಯಾವ ಕಡೆ?"

ಅತ್ತೆ ಆ ಹೊತ್ತಿಗೆ ಕಣಿವೆಯೊಂದನ್ನು ಹಾರುತ್ತಿದ್ದರು. ಕಿಟಕಿಯವರು ನಗರದ ಹೆಬ್ಬಾಗಿಲ ಪಕ್ಕ ಸೂಚನೆಗಾಗಿ ಕಾದು ನಿಂತರು. ಯಾವ ಗುಂಡಿ ಒತ್ತಿದರೆ ನಡೆಯುವುದೆಂದು ಯಾರೂ ಹೇಳಿರಲಿಲ್ಲ. ಹೇಳದ ಗುಂಡಿಯನ್ನು ಒತ್ತುವ ಜಾಯಮಾನ ಅವರದಲ್ಲ. ಎದುರಿಗೆ ಒಂದು ಬಾವಿ, ಅದರಾಚೆ ಒಂದು ಹಿಟ್ಟಿನ ಗಿರಣಿ. ನಲವತ್ತು ನಿಮಿಷ ಕಳೆದರೂ ಯಾವ ಮೇಲಧಿಕಾರಿಯೂ ಬರಲಿಲ್ಲ.

ಆಗ ತಲೆಯ ಮೇಲೆ ಎರಡು ಕೊಂಬುಗಳಿದ್ದ ದೈತ್ಯ ವೀರನೊಬ್ಬ ಕೊಡಲಿ ಎಳೆದುಕೊಂಡು ಬಂದ. ಮುದುಕನ ಗಡ್ಡ ನೋಡಿದ, ಹೆಸರು ನೋಡಿದ, ಅಲುಗಾಡದೆ ನಿಂತ ಭಂಗಿ ನೋಡಿದ, ಇವನು ದಾರಿ ಹೇಳುವ ಯಂತ್ರದ ಮನುಷ್ಯನೇ ಎಂದುಕೊಂಡ. ಪರದೆಯ ಕೆಳಗೆ ಅಕ್ಷರ ಮೂಡಿತು: "ನಾನು ಇಲ್ಲಿ ಏನು ಮಾಡಬೇಕು?"

ಈ ಪ್ರಶ್ನೆಗೆ ಉತ್ತರಿಸದೆ ಇರುವುದು ಕಿಟಕಿಯವರಿಂದ ಸಾಧ್ಯವೇ? ಸೀನು ಬಂದರೆ ತಡೆಯಬಹುದು, ಇದನ್ನು ತಡೆಯಲಾಗದು. ಕೈ ತಾನಾಗಿಯೇ ಒತ್ತಿತು: "ಮೊದಲು ಬಾವಿ ಹತ್ತಿರ ಹೋಗಿ. ಕೊಡ ಇದೆಯೇ ನೋಡಿ. ಬಂದು ಹೇಳಿ."

ದೈತ್ಯ ಓಡಿದ, ಓಡಿಬಂದ. "ಇದೆ."

"ಭೇಷ್. ಈಗ ಗಿರಣಿ ಹಿಂದೆ ಹೋಗಿ. ಕೋಳಿಗಳನ್ನು ಎಣಿಸಿ. ಬಂದು ಹೇಳಿ."

ದೈತ್ಯ ಹಿಗ್ಗಿನಿಂದ ಹೋದ. "ಮೂವತ್ತೆಂಟು" ಎಂದು ತಂದ ಲೆಕ್ಕವನ್ನು ಕಿಟಕಿಯವರು ಪೆನ್ಸಿಲಿನಲ್ಲಿ ಬರೆದುಕೊಂಡರು. "ಭೇಷ್. ದೃಢೀಕರಣಕ್ಕೆ ನಾಳೆ ಇನ್ನೊಮ್ಮೆ ಎಣಿಸಿ" ಎಂದರು. ಒಂದೇ ಸಲಕ್ಕೆ ಯಾವ ಕೆಲಸವೂ ಮುಗಿಯಬಾರದೆಂಬುದು ಕಚೇರಿಯ ಅನುಭವ.

ಮಂಗಳವಾರ ಸಂಜೆ ಹೆಬ್ಬಾಗಿಲ ಬಳಿ ಒಂಬತ್ತು ಜನ ನಿಂತಿದ್ದರು. ಬುಧವಾರ ಎಪ್ಪತ್ತು. ಎತ್ತ ಬೇಕಾದರತ್ತ ಹೋಗಬಹುದಾದ ಲೋಕದಲ್ಲಿ ಎಲ್ಲಿಗೂ ಹೋಗಲು ತೋಚದೆ ತಿಂಗಳುಗಟ್ಟಲೆ ಅಲೆದವರು ಅವರು. ಆಟದ ಯಾವುದೋ ಗುಟ್ಟು ಮುದುಕನ ಬಳಿ ಇದೆಯೆಂದು ಸುದ್ದಿ ಹಬ್ಬಿತ್ತು. ಕಿಟಕಿಯವರು ನೂಕುನುಗ್ಗಲು ಸಹಿಸುವವರಲ್ಲ. "ಸಾಲಿನಲ್ಲಿ ಬನ್ನಿ" ಎಂದರು. ಮಂತ್ರವಾದಿಗಳು, ಕುಬ್ಜರು, ರೆಕ್ಕೆಯವರು ಎಲ್ಲ ಒಬ್ಬರ ಹಿಂದೆ ಒಬ್ಬರು ನಿಂತರು.

ತೊಂದರೆಯೊಂದೇ. ಮಂಗಳವಾರದಿಂದ ಎಣಿಸಿದವರೆಲ್ಲ "ಮೂವತ್ತೇಳು" ಅನ್ನುತ್ತಿದ್ದರು.

"ದಾಖಲೆಯಲ್ಲಿ ಮೂವತ್ತೆಂಟಿದೆ. ಮತ್ತೆ ಎಣಿಸಿ."

ಕೊಂಬಿನ ವೀರನೂ ಮೂವತ್ತೇಳೇ ತಂದ. "ನಿನ್ನೆ ನೀವೇ ಮೂವತ್ತೆಂಟು ಅಂದಿದ್ದಿರಿ. ಮತ್ತೆ ಎಣಿಸಿ." ಎರಡನೇ ಸಲವೂ ಮೂವತ್ತೇಳು, ಮೂರನೇ ಸಲವೂ. ನಾಲ್ಕನೇ ಸಲ ಅವನು ಸಾಲು ಬಿಟ್ಟು ಮುಂದೆ ಬಂದು, "ಅಜ್ಜ, ನಾನೇ ಮೊದಲನೆಯವನು, ನನಗಾದರೂ ಹೇಳಿ" ಎಂದು ಅಂಗಲಾಚಿದ.

"ಹಿಂದೆ ಹೋಗಿ ನಿಲ್ಲಿ. ಎಲ್ಲರಿಗೂ ಒಂದೇ ನಿಯಮ."

ದೈತ್ಯ ಕೊಂಬು ತಗ್ಗಿಸಿಕೊಂಡು ಹಿಂದೆ ಹೋದ.

ಗುರುವಾರದ ಹೊತ್ತಿಗೆ ಮೂವತ್ತೆಂಟನೆಯ ಕೋಳಿಗೆ ಮೂರು ಪಂಥಗಳಾಗಿದ್ದವು. ಅದು ನೆಲಮಾಳಿಗೆಯಲ್ಲಿದೆ ಎಂದು ಒಂದು, ಶುದ್ಧ ಮನಸ್ಸಿನವರಿಗೆ ಮಾತ್ರ ಕಾಣುತ್ತದೆ ಎಂದು ಇನ್ನೊಂದು. ಮೂರನೆಯ ಪಂಥದವರು, "ನಮಗೆ ಹೇಳಿಸಿಕೊಂಡು ಆಡುವುದು ಬೇಡ, ಅಜ್ಜನನ್ನು ಕಿತ್ತುಹಾಕಿ" ಎಂದು ಬಾವಿಕಟ್ಟೆಯ ಮೇಲೆ ಬಾವುಟ ನೆಟ್ಟರು. ಬಾವುಟ ನೆಟ್ಟ ಮೇಲೆ ಮುಂದೇನು ಮಾಡಬೇಕೆಂದು ತೋಚದೆ ಅವರೂ ಬಂದು ಸಾಲಿನಲ್ಲಿ ನಿಂತರು.

ಅಂದೇ ಆಟ ನಡೆಸುವ ಸಂಸ್ಥೆಯ ಮೇಲ್ವಿಚಾರಕ ನೀಲಿ ಬೆಳಕು ಸೂಸುತ್ತಾ ಇಳಿದುಬಂದ.

"ನೀವು ನಮ್ಮ ಪಟ್ಟಿಯಲ್ಲಿಲ್ಲ. ನಿಮ್ಮನ್ನು ಯಾರು ಮಾಡಿದ್ದು?"

ಕಿಟಕಿಯವರು ವಿನಯದಿಂದ ತಂದೆತಾಯಿಯ ಹೆಸರು ಬರೆದರು.

"ನಾಲ್ಕು ದಿನದಿಂದ ಒಂದು ಹೆಜ್ಜೆಯೂ ಇಟ್ಟಿಲ್ಲವಲ್ಲ?"

"ಯಾರೂ ಹೇಳಲಿಲ್ಲ ಸ್ವಾಮಿ."

ನೀಲಿ ಬೆಳಕು ಸ್ವಲ್ಪ ಹೊತ್ತು ಮಿಣುಕಿತು. ಆಮೇಲೆ ಮೆಲ್ಲನೆ ಕೇಳಿತು: "ಹೇಗೂ ಕೂತಿದ್ದೀರಿ. ಹೋದ ತಿಂಗಳು ನಮ್ಮವರು ಎಲ್ಲೋ ಒಂದು ಸೇತುವೆ ಕಟ್ಟಿದ್ದಾರಂತೆ. ಎಲ್ಲಿ ಅಂತ ನಿಮಗೇನಾದರೂ ಗೊತ್ತೇ?"

"ಸಾಲಿನಲ್ಲಿ ಬನ್ನಿ" ಎಂದರು ಕಿಟಕಿಯವರು.

ಈ ನಡುವೆ ಹೆಂಡತಿಯ ತಕರಾರು ಬೇರೆಯೇ ಇತ್ತು. "ನಿಮ್ಮ ಆಟ ಏನಾದ್ರೂ ಆಗ್ಲಿ, ಅದೇನು ಆ ಕೊಕ್ಕೊಕ್ಕೋ? ಮೂರು ದಿನದಿಂದ ಮನೇಲಿ ಕೋಳಿ ಗೂಡು ಇಟ್ಟ ಹಾಗಿದೆ." ಯಂತ್ರವೆಂದ ಮೇಲೆ ಸದ್ದು ಇದ್ದದ್ದೇ ಎಂದು ಕಿಟಕಿಯವರು ಗಮನ ಕೊಡಲಿಲ್ಲ.

ಶನಿವಾರ ಕಚೇರಿಯ ಜವಾನ ಟೀ ಲೋಟ ಹಿಡಿದು ಒಂದನೇ ಕಿಟಕಿಗೆ ಒರಗಿದ. "ಸಾಹೇಬರಿಗೆ ಏನೋ ಆಗಿದೆ ಸಾರ್. ಟೀ ಇಟ್ರೆ ಕುಡಿಯಲ್ಲ. ಗೋಡೆ ನೋಡ್ಕೊಂಡು 'ಮೂವತ್ತೇಳು, ಮೂವತ್ತೇಳು' ಅಂತಾರೆ. ಏನ್ ಸಾರ್ ಅಂದ್ರೆ, 'ಕೋಳಿ ಕಣಯ್ಯ' ಅಂದ್ರು. ಆಟದಲ್ಲಿ ಅವರಿಗೆ ಎರಡು ಕೊಂಬಿವೆಯಂತೆ. ಯಾವನೋ ಮುದುಕ ಎಲ್ಲರ ಮುಂದೆ ಹಿಂದೆ ಹೋಗಿ ನಿಲ್ಲು ಅಂದನಂತೆ."

ಕಿಟಕಿಯವರ ಕೈಯಲ್ಲಿದ್ದ ಪೆನ್ಸಿಲು ಬಿತ್ತು. ಎತ್ತಿಕೊಳ್ಳಲು ಬಗ್ಗಿದವರು ಬಹಳ ಹೊತ್ತು ಮೇಜಿನ ಕೆಳಗೇ ಇದ್ದರು.

ಸೋಮವಾರ ಭಾಷಣ. ತಾವೇ ಆ ಮುದುಕನೆಂದು ಗೊತ್ತಾದರೆ ಕಿಟಕಿಯಷ್ಟೇ ಅಲ್ಲ, ಅದರ ಹಿಂದಿನ ಕುರ್ಚಿಯೂ ಹೋಗುತ್ತದೆ. ಆದರೆ ಅವರನ್ನು ಹೆಚ್ಚು ಕಾಡಿದ್ದು ಬೇರೊಂದು ಅನುಮಾನ. ಎಷ್ಟೋ ಜನ ಒಂದೇ ಲೆಕ್ಕ ಹೇಳುತ್ತಿದ್ದಾರೆ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರನ್ನೂ ಅವರು ತಪ್ಪಾಗಿ ವಾಪಸ್ ಕಳಿಸಿದವರಲ್ಲ. ಕಳಿಸಿದ್ದರೆ?

ಭಾನುವಾರ ಸಂಜೆ, ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ, ಮತ್ತೆ ಕೊಕ್ಕೊಕ್ಕೋ ಕೇಳಿಸಿತು. ಕಿಟಕಿಯವರು ಲ್ಯಾಪ್‌ಟಾಪಿಗೆ ಕಿವಿಯಿಟ್ಟರು. ಅಲ್ಲಿಂದಲ್ಲ.

"ಅತ್ತೆ, ನಿಮ್ಮ ಯಂತ್ರದಲ್ಲಿ ಮಾತ್ರ ಯಾಕೆ ಕೋಳಿ ಕೂಗುತ್ತೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅತ್ತೆ ಪರದೆಗೆ ಸೆರಗು ಅಡ್ಡ ಹಿಡಿದರು. ಸೆರಗಿನ ಮರೆಯಿಂದ ಕುದುರೆಯ ಜೀನು ಕಂಡಿತು. ಜೀನಿಗೆ ತೂಗುಹಾಕಿದ ಚೀಲ. ಚೀಲದಿಂದ ಹೊರಗೆ ಇಣುಕಿದ ಒಂದು ಕೆಂಪು ಜುಟ್ಟು.

"ಅತ್ತೆ!"

"ಯಾರೂ ಕಾಯ್ತಿರ್ಲಿಲ್ಲಪ್ಪ. ಮಂಗಳವಾರ ಆ ಕಡೆ ಹೋಗ್ತಿದ್ದೆ, ಗಿರಣಿ ಹಿಂದೆ ಓಡಾಡ್ತಿತ್ತು, ಎತ್ಕೊಂಡೆ."

"ಅಲ್ಲಿ ಮುನ್ನೂರು ಜನ ಹುಡುಕ್ತಿದ್ದಾರೆ!"

"ಹುಡುಕ್ಲಿ ಬಿಡಿ, ಅವರಿಗೂ ಹೊತ್ತು ಹೋಗ್ಬೇಕಲ್ಲ." ಆಮೇಲೆ ಅತ್ತೆಯ ದನಿ ಇಳಿಯಿತು. "ಹುಟ್ಟಿದಾಗಿಂದ ಎಲ್ಲದಕ್ಕೂ ಯಾರನ್ನಾದ್ರೂ ಕೇಳಿದ್ದೇ ಆಯ್ತು ಅಳಿಯಂದಿರೇ. ಕೇಳದೆ ತಗೊಂಡಿದ್ದು ಇದೊಂದೇ. ವಾಪಸ್ ಬಿಡ್ಬೇಕಾ?"

ಕಿಟಕಿಯವರು ಬಾಯಿ ತೆರೆದರು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ತಲೆಯಾಡಿಸಿ ಬೇಡವೆಂದಳು. ಕಿಟಕಿಯವರು ಬಾಯಿ ಮುಚ್ಚಿದರು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕಚೇರಿಯ ಅಂಕಿಗಳೆಲ್ಲ ಹೋಗಿದ್ದವು. ಹನ್ನೊಂದರ ಹೊತ್ತಿಗೆ ಸಭಾಂಗಣ ಜಾತ್ರೆಯಂತಾಗಿತ್ತು. ನಾಯಿಯ ಪರವಾನಗಿಗೆ ಬಂದವರು ಬಾವಿ ತೋಡುವ ಅರ್ಜಿ ತುಂಬಿ, "ಆಳ" ಎಂಬಲ್ಲಿ ನಾಯಿಯ ಎತ್ತರ ಬರೆದಿದ್ದರು. ಅಂಗಡಿ ಫಲಕದವರೊಬ್ಬರು ಒಂದೇ ಅರ್ಜಿಗೆ ಏಳು ಮೊಹರು ಹಾಕಿಸಿಕೊಂಡು, ಇನ್ನೆಲ್ಲಿ ಎಂದು ಹುಡುಕುತ್ತಿದ್ದರು. ಒಬ್ಬ ಅಜ್ಜಿ ಕಂಬ ಹಿಡಿದುಕೊಂಡು, "ಇಲ್ಲೊಬ್ರು ಹೇಳೋರಿದ್ರಲ್ಲಪ್ಪ, ಎಲ್ಲಿಗೆ ಹೋದ್ರು?" ಎಂದು ದಾರಿಹೋಕರನ್ನೆಲ್ಲ ಕೇಳುತ್ತಿದ್ದಳು.

ಮಧ್ಯಾಹ್ನದ ಸಭೆಯಲ್ಲಿ ಅಧಿಕಾರಿಯ ಕಣ್ಣು ಕೆಂಪಗಿತ್ತು. ಆದರೂ ಮೇಜಿನ ಮೇಲೆ ಕೂತರು.

"ಮೊದಮೊದಲು ಗೊಂದಲ ಇರುತ್ತೆ. ಇರ್ಲಿ. ನಾನು ಆಡೋ ಲೋಕದಲ್ಲಿ ಈಗ ಒಬ್ಬ ಮುದುಕ ನಿಲ್ತಾನೆ. ಯಂತ್ರದ ಮನುಷ್ಯ. ಆದ್ರೆ ಎಂಥಾ ರಚನೆ ಅಂತೀರಿ! ಕೋಪ ಇಲ್ಲ, ಪಕ್ಷಪಾತ ಇಲ್ಲ. ನೀವು ಮಾಡಿದ್ದು ಸರಿ ಇದ್ರೆ 'ಭೇಷ್' ಅಂತಾನೆ, ಅಷ್ಟೇ. ಆ ಒಂದು ಮಾತಿಗೆ ನಾನು ಆರು ದಿನದಿಂದ..." ಅವರು ತಡೆದು ಕೆಮ್ಮಿದರು. "ಇರ್ಲಿ. ನಿಜವಾದ ಮನುಷ್ಯರು ಹಾಗಿರೋಕೆ ಸಾಧ್ಯವಿಲ್ಲ ಅನ್ನೋದಷ್ಟೇ ನನ್ನ ಮಾತು. ಈಗ ನಮ್ಮ ಹಿರಿಯರು ಮಾತಾಡ್ತಾರೆ."

ಕಿಟಕಿಯವರು ಎದ್ದು ಮುಂದೆ ಬಂದರು. ಜೇಬಿನಲ್ಲಿ ಐದು ನಿಮಿಷದ ಭಾಷಣ ಬರೆದ ಕಾಗದವಿತ್ತು. ತೆಗೆದರು, ಮಡಿಕೆ ಬಿಡಿಸಿದರು, ಮತ್ತೆ ಮಡಿಸಿದರು.

"ಸರ್, ನಿಮ್ಮ ಎಣಿಕೆ ಸರಿಯಾಗಿತ್ತು."

"ಏನು?"

"ಮೂವತ್ತೇಳೇ ಸರಿ. ಮೂವತ್ತೆಂಟನೇ ಕೋಳಿ ನಮ್ಮ ಅತ್ತೆಯವರ ಹತ್ತಿರ ಇದೆ."

ಎರಡನೇ ಕಿಟಕಿ ಮೂರನೆಯದರ ಮುಖ ನೋಡಿತು. ಒಂದನೇ ಕಿಟಕಿಗೆ ತಲೆ ಕೆಟ್ಟಿತೆಂದು ಇಬ್ಬರೂ ಮನಸ್ಸಿನಲ್ಲೇ ಒಪ್ಪಿದರು.

ಅಧಿಕಾರಿ ಮೇಜಿನಿಂದ ಮೆಲ್ಲನೆ ಇಳಿದರು. "ಹಿಂದೆ ಹೋಗಿ ನಿಲ್ಲಿ ಅಂದಿದ್ದು..."

"ನಾನೇ ಸರ್."

"ಮೂರು ಸಲ ವಾಪಸ್ ಕಳಿಸಿದ್ದು..."

"ನಾನೇ. ತಪ್ಪಾಯ್ತು ಸರ್. ನಾನು ಆ ಆಟ ದಿನಾ ಆಡ್ತೀನಿ ಅಂದಿದ್ದೂ ಸುಳ್ಳು. ನನಗೆ ಅದರಲ್ಲಿ ನಡೆಯೋಕೂ ಬರಲ್ಲ. ಅದಕ್ಕೇ ನಿಂತಿದ್ದೆ. ನೀವು ಬಂದು ಏನು ಮಾಡ್ಬೇಕು ಅಂತ ಕೇಳಿದ್ರಿ. ಕೇಳಿದ್ರೆ ಹೇಳದೆ ಇರಕ್ಕಾಗಲ್ಲ ಸರ್ ನನಗೆ. ಕಿಟಕಿ ತೆಗೀರಿ, ಬೇಕಾದ್ರೆ ಕುರ್ಚಿನೂ ತೆಗೀರಿ. ಆದ್ರೆ ಸರಿಯಾಗಿ ಎಣಿಸಿದವರನ್ನ ತಪ್ಪು ಅಂತ ವಾಪಸ್ ಕಳಿಸಿದ್ದು ನನ್ನ ಸರ್ವೀಸಲ್ಲಿ ಇದೇ ಮೊದಲು."

ಅಧಿಕಾರಿ ಬಾಗಿಲ ಕಡೆ ನೋಡಿದರು. ಕಂಬ ಹಿಡಿದ ಅಜ್ಜಿ ಇನ್ನೂ ಅಲ್ಲೇ ಇದ್ದಳು. ಅವರು ಕಿಟಕಿಯವರತ್ತ ತಿರುಗಿ, ಹತ್ತು ಜನ ಗುಮಾಸ್ತರಿಗೂ ಜವಾನನಿಗೂ ಕೇಳಿಸಬಾರದೆಂಬಷ್ಟು ಸಣ್ಣ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳಿಸುವಂತೆ, ಕೇಳಿದರು:

"ಹಾಗಾದ್ರೆ... ನನಗೆ ಅದು ಸಿಗುತ್ತಾ?"

"ಯಾವುದು ಸರ್?"

"ಅದೇ. ಮೂವತ್ತೇಳಕ್ಕೆ."

ಕಿಟಕಿಯವರಿಗೆ ಅರ್ಥವಾಯಿತು. ಕನ್ನಡಕದ ಮೇಲಿನಿಂದ ಅಧಿಕಾರಿಯನ್ನು ನೋಡಿ, ಇಪ್ಪತ್ತೆರಡು ವರ್ಷದ ಅಭ್ಯಾಸದ ದನಿಯಲ್ಲಿ ಹೇಳಿದರು: "ಭೇಷ್."

ಅಧಿಕಾರಿಯ ಮುಖದ ಮೇಲೆ ಆಗ ಮೂಡಿದ್ದನ್ನು ಜವಾನ ಇಂದಿಗೂ ಟೀ ಕೊಡುವಾಗ ಅಭಿನಯಿಸಿ ತೋರಿಸುತ್ತಾನೆ. ಅವರು ಗಂಟಲು ಸರಿಮಾಡಿಕೊಂಡು, "ಒಂದನೇ ಕಿಟಕಿಯ ಅಂಕಿ ಎಲ್ಲಿಟ್ಟಿದ್ದೀಯಯ್ಯ? ಮೊದಲು ಅದನ್ನ ಹಾಕು" ಎಂದರು.

"ಉಳಿದ ಹತ್ತು ಸಾರ್?"

"ಅದನ್ನ..." ಅಧಿಕಾರಿ ಕಿಟಕಿಯವರತ್ತ ಕೈ ತೋರಿಸಿದರು. "ಅದನ್ನ ಇವರನ್ನೇ ಕೇಳು."

ಆ ಸಂಜೆ ಕಿಟಕಿಯವರು ನೆಮ್ಮದಿಯಿಂದ ಹೆಬ್ಬಾಗಿಲಿಗೆ ಬಂದು, ಮೂವತ್ತೇಳು ತಂದವರಿಗೆಲ್ಲ ಬಾಕಿ ಭೇಷ್ ಹಂಚುತ್ತಿದ್ದರು. ಪಕ್ಕದ ಕುರ್ಚಿಯಿಂದ ಅತ್ತೆಯ ಸಣ್ಣ ದನಿ ಬಂತು.

"ಅಳಿಯಂದಿರೇ, ಇಲ್ಲಿ ಬರೀ ನೀರು ಕಾಣ್ತಿದೆ. ಕುದುರೆನೂ ಓಡಿಹೋಯ್ತು, ಕೋಳಿ ಮಾತ್ರ ಕಂಕುಳಲ್ಲಿದೆ. ಊರಿಗೆ ಹೇಗೆ ಬರೋದು?"

ಕಿಟಕಿಯವರು ಉತ್ತರಕ್ಕೆ ಬಾಯಿ ತೆರೆದರು. ಜೀವನದಲ್ಲಿ ಮೊದಲ ಸಲ ಒಳಗಿನಿಂದ ಏನೂ ಬರಲಿಲ್ಲ. "ಗೊತ್ತಿಲ್ಲ ಅತ್ತೆ" ಎಂದರು. ಸ್ವಲ್ಪ ತಡೆದು, "ನಡೆಯೋಕೆ ಯಾವ ಗುಂಡಿ?" ಎಂದು ಕೇಳಿದರು.

ಅತ್ತೆ ಹೇಳಿಕೊಟ್ಟರು. ಎಂಟು ದಿನ ಅಲುಗದ ಮುದುಕ ಒಂದು ಹೆಜ್ಜೆಯಿಟ್ಟ. ಹೆಬ್ಬಾಗಿಲಲ್ಲಿ ಹಾಹಾಕಾರವೆದ್ದಿತು.

"ಅಜ್ಜ, ಎಲ್ಲಿಗೆ?"

"ಅತ್ತೆಯವರನ್ನ ಕರ್ಕೊಂಡು ಬರೋಕೆ."

ಯಾವ ಕಡೆ ಎಂದು ಅವರು ಹೇಳಲಿಲ್ಲ, ಅವರಿಗೇ ಗೊತ್ತಿರಲಿಲ್ಲ. ಬಾವಿ ದಾಟಿ, ಗಿರಣಿ ದಾಟಿ, ಗುರುತಿಲ್ಲದ ಬಯಲಿಗೆ ಇಳಿದರು. ಹಿಂದೆ ತಿರುಗಿ ನೋಡಿದರೆ, ಮಂತ್ರವಾದಿಗಳು, ಕುಬ್ಜರು, ರೆಕ್ಕೆಯವರು, ನೀಲಿ ಬೆಳಕಿನ ಮೇಲ್ವಿಚಾರಕ, ಬಾವುಟ ಹಿಡಿದ ಸ್ವಾತಂತ್ರ್ಯವಾದಿಗಳು, ಎಲ್ಲರೂ ಒಬ್ಬರ ಹಿಂದೆ ಒಬ್ಬರು ಬರುತ್ತಿದ್ದರು. ಕೊಂಬಿನ ವೀರ ಸಾಲಿನಲ್ಲಿ ನಾಲ್ಕನೆಯವನು. ಮುಂದೆ ನುಗ್ಗುವ ಪ್ರಯತ್ನವನ್ನು ಅವನು ಮಾಡಲಿಲ್ಲ.

ಕೋಳಿಯ ಕೂಗು ಪಕ್ಕದ ಕುರ್ಚಿಯಿಂದಲೇ ಸ್ಪಷ್ಟವಾಗಿ ಕೇಳುತ್ತಿತ್ತು. ಆ ಲೋಕದಲ್ಲಿ ಅದು ಎಲ್ಲಿದೆಯೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕಿಟಕಿಯವರು ಎರಡು ಕಡೆ ದಾರಿ ತಪ್ಪಿದರು. ಮುನ್ನೂರು ಜನರ ಆ ಸಾಲು ಎರಡೂ ಕಡೆ ಶಿಸ್ತಾಗಿ, ಒಬ್ಬರನ್ನೊಬ್ಬರು ತಳ್ಳದೆ, ಅವರ ಹಿಂದೆಯೇ ದಾರಿ ತಪ್ಪಿತು.